ಅಳತೆ ಪುಸ್ತಕ, ಪುಟ ಹದಿನಾರು

ಮೂರನೇ ಅರ್ಜಿಗೆ ಕೊಟ್ಟರು ಜೆರಾಕ್ಸು,
ಅಂಚಿನ ಅಂಕಿ ಅರ್ಧ ಕತ್ತರಿಸಿಹೋಗಿತ್ತು.
ಆದರೂ ಓದಬಹುದು:
ನೀರಲದಿನ್ನಿ, ಮನೆಮನೆಗೆ ನಳ,
ಕೊಳವೆ ಸಾಲು ಆರುನೂರ ನಲವತ್ತು ಮೀಟರು.
ಅಗೆದದ್ದು, ಹೂತದ್ದು, ಮುಚ್ಚಿದ್ದು, ಪರೀಕ್ಷಿಸಿದ್ದು,
ಎಲ್ಲ ಕ್ರಿಯಾಪದಗಳೂ ಭೂತಕಾಲದಲ್ಲಿ.
ಕೆಳಗೆ ಹಸಿರು ಶಾಯಿಯ ಸಹಿ,
ಹಾರಲು ರೆಕ್ಕೆ ಬಿಚ್ಚಿದ ಕೊಕ್ಕರೆ.

ದೇವದುರ್ಗದ ಬಸ್ಸಿಳಿದಾಗ ಒಂಬತ್ತೂವರೆ.
ಚೀಲದಲ್ಲಿ ಮೂವತ್ತು ಮೀಟರಿನ ಟೇಪು,
ನಮೂನೆಗಳು, ಮಂಡಾಳ ಒಗ್ಗರಣೆಯ ಪೊಟ್ಟಣ.
ಬಿರಿದ ಎರೆನೆಲ ಚಪ್ಪಲಿಯ ತುದಿಯನ್ನು
ಕೈಗಡ ಕೇಳುವವರಂತೆ ಹಿಡಿದು ಹಿಡಿದು ಬಿಡುತ್ತಿತ್ತು.

ಟೇಪಿನ ಆ ತುದಿ ನೀರುಗಂಟಿ ಹುಸೇನಪ್ಪನ ಕೈಗೆ.
"ಟಾಕಿ ಕಾಲಿಂದ ಹಿಡಿಯವ್ವ, ಅಲ್ಲಿಂದ ಖರೇ ಐತಿ" ಎಂದ.
ಖರೇ ಇತ್ತು: ಗೌಡರ ಓಣಿ, ಅಂಗಡಿ ಸಾಲು, ಮಸೂತಿ ಕಟ್ಟೆ.
ಪಂಚಾಯ್ತಿ ಸದಸ್ಯನ ಅಂಗಳದಲ್ಲಿ ಎರಡು ನಳ, ಒಂದು ವಾಲ್ವು;
ವಾಲ್ವಿಗೆ ಬೀಗ.
ನಡುವೆ ಅವನೇ ಕೇಳಿದ, ಕಣ್ಣು ಟೇಪಿನ ಮೇಲೇ ಇಟ್ಟು,
"ನನ್ನ ಪಗಾರದ ಹಾಳಿ ಐತೇನ್ರಿ ಅದರಾಗ?"
ಇತ್ತು. ಹನ್ನೊಂದು ತಿಂಗಳು, ಪಾವತಿ.
ಪ್ರತಿ ತಿಂಗಳಿಗೂ ದುಂಡನೆ ಅಕ್ಷರದ ಸಹಿ.
ಹುಸೇನಪ್ಪ ತನ್ನ ಹೆಬ್ಬೆರಳನ್ನು ತಿರುಗಿಸಿ ನೋಡಿಕೊಂಡ,
ತನಗೆ ಹೇಳದೆ ಯಾವಾಗ
ಸಾಲಿಗೆ ಹೋಗಿ ಬಂತು ಇದು ಎಂಬಂತೆ.

ಶೌಚಾಲಯದ ಫೋಟೋ ಮೂವತ್ತೊಂದು.
ಏಳರಲ್ಲಿ ಅದೇ ನೀಲಿ ಬಾಗಿಲು, ಅದೇ ಕಿವಿ ಹರಿದ ಆಡು.
ಖಾಜಾಬಿ ಆಡಿನ ಗುರುತು ಹಿಡಿದಳು:
"ಅಯ್ಯ, ಬಕ್ರೀದಿಗೆ ಮಾರಿದ್ವಿ ಇದನ್ನ!
ಇಷ್ಟು ಮನಿ ತಿರುಗಿತ್ತೇನು?"
ನೀಲಿ ಬಾಗಿಲು ಅವಳದೇ. ತೆಗೆದರೆ
ಒಳಗೆ ಎದೆಯೆತ್ತರ ಕುಳ್ಳು ಒಟ್ಟಿತ್ತು.
ಮಳೆ ತಾಗದ ಜಾಗ ಅದೊಂದೇ ಅಂತೆ.
"ನೀರಿಲ್ಲದ ಮ್ಯಾಲ ಮತ್ತೇನಿಡ್ಲಿ ಅದರಾಗ?"
ನಮೂನೆಯಲ್ಲಿ ಕೇಳಿದ್ದು: ಬಳಕೆಯಲ್ಲಿದೆಯೇ, ಹೌದು ಅಥವಾ ಇಲ್ಲ.
ಪೆನ್ನು ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

ನಾನೂರ ಹತ್ತು ಮೀಟರಿಗೆ ನೆಲ ಮಾತು ನಿಲ್ಲಿಸಿತು.
ಹುಸೇನಪ್ಪ ಸನಿಕೆಯಿಂದ ಕೆದಕಿದ.
ಕರಿ ಕೊಳವೆಯ ಬಾಯಿ. ಬಾಯಿಗೆ ಜಡಿದ ಮೆಕ್ಕೆಜೋಳದ ದಿಂಡು.
ಎಳೆದೆ.
ಬಗ್ಗಿ ಮೂಸಿದೆ:
ಹೊಸ ಪ್ಲಾಸ್ಟಿಕ್ಕಿನ ವಾಸನೆ,
ಅಂಗಡಿಯಲ್ಲಿ ತೂಗುಹಾಕಿದ ಕೊಡದ ಹಾಗೆ.
ಈ ಗಂಟಲಲ್ಲಿ ನೀರು ಒಮ್ಮೆಯೂ ಇಳಿದಿಲ್ಲ.

ಮುಂದೆ ಹಳ್ಳ, ಹಳ್ಳದಾಚೆ ಕೆಳಗೇರಿ.
ಪುಸ್ತಕ ಅಲ್ಲಿಗೆ ಹೋಗಿ ಬಂದಿದೆ,
ನಲವತ್ತೊಂದನೇ ನಳ ದ್ಯಾವಮ್ಮನ ಬಾಗಿಲಿಗೆ ಎಂದು ಬರೆದು.
ಕೊಳವೆಗೆ ಮಾತ್ರ
ಇನ್ನೂ ಮಡಿ ಇದೆಯೆಂದು ಕಾಣುತ್ತದೆ.

ದ್ಯಾವಮ್ಮ ಅಲ್ಲೇ ನಿಂತಿದ್ದಳು, ಕೊಡ ಸೊಂಟಕ್ಕೆ.
"ಉಳಿದದ್ದು ಎಷ್ಟು?"
"ಇನ್ನೂರ ಮೂವತ್ತು ಮೀಟರು, ಅಮ್ಮ."
"ಮೀಟರು ಗೀಟರು ತಿಳಿಯಂಗಿಲ್ಲ. ಹೆಜ್ಜಿ ಹೇಳು."
ನನಗೆ ಗೊತ್ತಿರಲಿಲ್ಲ.
ಬಾಯಲ್ಲಿ ಎಣಿಸುತ್ತ ನಡೆದೇಬಿಟ್ಟಳು ಮನೆಯ ತನಕ;
ಹಿಂದೆ ನಾನು, ನನ್ನ ಹಿಂದೆ
ಸುತ್ತಲು ಮರೆತ ಟೇಪು, ಮುಳ್ಳಿಗೆ ಸಿಕ್ಕು ಬಿಡುತ್ತ.
ಮುನ್ನೂರ ಎಂಬತ್ತು.

ಷರಾ ಕಾಲಮ್ಮು ಎರಡು ಬೆರಳಗಲ.
ಕಾಮಗಾರಿ ಕೊರತೆ, ವಸೂಲಿಗೆ ಶಿಫಾರಸು,
ಅಷ್ಟಕ್ಕೇ ತುಂಬಿತು.
ಗುರುವಾರ ಗ್ರಾಮಸಭೆ. ಇದನ್ನೆಲ್ಲ ಮೈಕಿನಲ್ಲಿ ಓದುತ್ತೇನೆ.
ಸಹಿಯ ಕೊಕ್ಕರೆ ಆಗಲೇ ಬೇರೆ ತಾಲ್ಲೂಕಿನ ಕೆರೆಗೆ ಹಾರಿದೆ;
ನನ್ನ ಭತ್ಯೆಯ ಬಿಲ್ಲೂ
ಈ ಪುಸ್ತಕವಿದ್ದ ಕಪಾಟಿನಲ್ಲೇ ಇದೆ.

ಬಸ್ಸಿಗೆ ಹೊರಟವಳನ್ನು ದ್ಯಾವಮ್ಮ ಕೂಗಿ ನಿಲ್ಲಿಸಿದಳು:
"ಬರಕೊಂಡ್ಯೇನು? ಅದು ಖಾಲಿ ಕೊಡದ ಲೆಕ್ಕ.
ತುಂಬಿದ ಕೊಡಕ್ಕ ಬ್ಯಾರೆ ಬರಕೋ,
ನಾಕುನೂರ ಅರವತ್ತು.
ಭಾರ ಇದ್ರ ಹೆಜ್ಜಿ ಗಿಡ್ಡ ಬೀಳ್ತಾವ."