ಪಕಾರದ ಪಾಠ

ಮೊದಲ ದಿನವೇ ನೀನು
ನನ್ನ ಅಡುಗೆಮನೆಯ ಮೇಣದಬತ್ತಿ ಆರಿಸಿದೆ, ಎದುವೀನಾ.
'ಪೆಸ್ಕಾದೊ' ಅಂದೆ, ಅಷ್ಟೆ. ಮೀನು.
ಪಕಾರ ಹಾರಿ ಬಂದು ಉರಿಯ ಕತ್ತು ಮುರಿಯಿತು,
ಪಕ್ಕದ ಮನೆಯ ನಾಯಿ ಎದ್ದು ಕೂತಿತು.

ಇಪ್ಪತ್ತೇಳು ವರ್ಷ ತಾಲ್ಕವಾನೊದ ಮೀನುಡಬ್ಬಿ ಕಾರ್ಖಾನೆಯಲ್ಲಿ
ಮುಚ್ಚಳ ಒತ್ತುವ ಯಂತ್ರದೆದುರು ನಿಂತವಳು.
'ಉಪ್ಪು ಮುಗಿದಿದೆ' ಎಂಬುದನ್ನೂ
ಬೆಂಕಿ ಬಿದ್ದಿದೆ ಎಂಬಂತೆ ಕೂಗಬೇಕಿತ್ತು ಅಲ್ಲಿ.

ಈಗ ಆಸ್ಪತ್ರೆಯ ದಾಖಲಾತಿ ಮೇಜಿಗೆ ಅರ್ಜಿ ಹಾಕಿದ್ದೀಯ.
ಮಂಗಳವಾರ ಹತ್ತೂಕಾಲಿಗೆ ಸಂದರ್ಶನ.
ನಡುವೆ ಹನ್ನೊಂದು ಸಂಜೆ.
ನಾನೋ, ಬಂದರಿನ ರೇಡಿಯೋದಲ್ಲಿ ರಾತ್ರಿಯಿಡೀ
ದೋಣಿಗಳಿಗೆ ಗಾಳಿಯ ವೇಗ ಓದುತ್ತಿದ್ದವ;
ಬಿರುಗಾಳಿಯ ಸುದ್ದಿಯನ್ನೂ
ಹಾಲು ಕಾಯಿಸುವ ಉರಿಯಲ್ಲಿ ಹೇಳಬೇಕೆಂದು ಕಲಿತವ.
ಗುರು ಅನ್ನಬೇಡ. ಬೌದಿಲಿಯೊ ಸಾಕು.

ಗಂಟಲನ್ನು ಮರೆ. ಗಂಟಲು ಬಾಗಿಲು ಮಾತ್ರ,
ಮನೆ ಕೆಳಗಿದೆ, ಸೊಂಟಪಟ್ಟಿಯ ಹತ್ತಿರ.
ಅಲ್ಲಿ ಅಂಗೈ ಇಡು. ಉಸಿರು ಬಂದಾಗ
ಕೈ ಮುಂದೆ ಸರಿಯಬೇಕು, ಭುಜ ಏಳಬಾರದು.
ಭುಜ ಎತ್ತುವುದು ಮೂಟೆ ಹೊರುವವರ ಪಾಡು.

ಬಾಯಿ ಮುಚ್ಚಿ ಗುಂಯ್‌ಗುಡು,
ತುಟಿ ಜುಮುಜುಮು ಅನ್ನುವವರೆಗೆ.
ಹಲ್ಲಿನ ನಡುವೆ ಬಿರಡೆ ಕಚ್ಚಿಕೊಂಡು ಓದು.
ಓದಲು ಬೇರೇನೂ ಸಿಗದೆ
ನೀನು ಗ್ಯಾಸಿನ ಬಿಲ್ಲು ಓದಿದೆ;
ಬಾಕಿ ಮೊತ್ತ ಬಂದಾಗ ದನಿ ತಾನಾಗಿ ತಗ್ಗಿತು.
ನೋಡು, ಅದೇ ಸ್ಥಾಯಿ! ಅಂದೆ ನಾನು.
ಬಿರಡೆ ಉಗಿದು ನಕ್ಕೆ. ಬತ್ತಿ ಮತ್ತೆ ಆರಿತು.

ವಾಕ್ಯದ ಬಾಲ ಎತ್ತಬೇಡ.
'ನನ್ನ ಹೆಸರು ಎದುವೀನಾ ಕಾರ್ಕಮೊ?' ಅಂತೀಯ,
ಯಾರೋ ಅಲ್ಲ ಅಂದುಬಿಟ್ಟಾರು ಎಂಬ ಹಾಗೆ.
ನಿನ್ನ ಹೆಸರಿಗೆ ನೀನೇ ಚುಕ್ಕಿ ಇಡು.

ಆರನೆಯ ಸಂಜೆ ನೀನು ಹಠ ಹಿಡಿದೆ.
"ಇದು ನನ್ನ ದನಿಯಲ್ಲ, ಬೌದಿಲಿಯೊ,
ಬ್ಯಾಂಕಿನಲ್ಲಿ ಗಾಜಿನ ಹಿಂದೆ ಕೂತವರ ದನಿ."
ನನ್ನ ಬಳಿ ಉತ್ತರವಿರಲಿಲ್ಲ. ಚಹಾ ಸೋಸಿದೆ.
ಆಗ ನೀನು ಹೇಳಿದೆ, ಬಿರಡೆಯಿಲ್ಲದೆ,
ಹೊಟ್ಟೆಯ ಮೇಲೆ ಕೈಯಿಲ್ಲದೆ:

"ಮುಚ್ಚಿದ ದಿನ, ಮಧ್ಯಾಹ್ನ ಮೂರಕ್ಕೆ,
ಯಂತ್ರಗಳನ್ನು ಒಂದೊಂದಾಗಿ ನಿಲ್ಲಿಸಿದರು.
ನಾವು ಕೂಗುತ್ತಲೇ ಇದ್ದೆವು.
ಗೇಣು ದೂರದಲ್ಲಿ ನಿಂತು ನಾನೂ ರೊಸೆಂದಾಳೂ
ಬಸ್ಸಿಗೆ ಬರ್ತೀಯಾ, ಬರ್ತೀನಿ ಅಂತ
ಕತ್ತಿನ ನರ ಉಬ್ಬಿಸಿ ಕೂಗಿದೆವು.
ಆಮೇಲೆ ಹೊರಗೊಂದು ಕಡಲಕಾಗೆ ಕೇಳಿಸಿತು.
ಅಷ್ಟೂ ವರ್ಷ ಅಲ್ಲೇ ಇದ್ದಿರಬೇಕು ಅದು.
ರೊಸೆಂದಾಳ ದನಿ ಇಷ್ಟು ತೆಳುವೆಂದು
ಅವತ್ತೇ ಗೊತ್ತಾದದ್ದು ನನಗೆ."

ಅಷ್ಟು ಹೊತ್ತೂ ಬತ್ತಿ ಅಲುಗಲಿಲ್ಲ.
ನಾನದನ್ನು ಹೇಳಲಿಲ್ಲ;
ಹೇಳಿದರೆ ನೀನು ಮತ್ತೆ ಭುಜ ಎತ್ತುತ್ತಿದ್ದೆ.

ಮಂಗಳವಾರ ಕಿಟಕಿಯಲ್ಲಿ ಕಾದೆ.
ದಿಬ್ಬ ಹತ್ತಿ ಬಂದೆ ನೀನು, ಹೊಸ ಬೂಟು ಕೈಯಲ್ಲಿ.
ಮೇಜಿನಾಚೆ ಮೂವರಂತೆ. ನಡುವಿನ ಹೆಂಗಸು
ಹತ್ತಿಯಲ್ಲಿ ಸುತ್ತಿದಂಥ ದನಿಯಲ್ಲಿ ಏನೋ ಕೇಳಿದಳಂತೆ.
ಏನು ಕೇಳಿದಳೋ, ನಿನಗೆ ಕೇಳಿಸಲೇ ಇಲ್ಲ.

ಅಯ್ಯೋ, ಹನ್ನೊಂದು ಸಂಜೆ ಬಾಯಿಯ ಪಾಠ ಮಾಡಿದವ
ಕಿವಿಯನ್ನು ಒಮ್ಮೆಯೂ ವಿಚಾರಿಸಲಿಲ್ಲ!
ನೀನು ಯಾವಾಗಲೂ ನನ್ನ ಎಡಕ್ಕೇ
ಕುರ್ಚಿ ಎಳೆದುಕೊಳ್ಳುತ್ತಿದ್ದುದು ಯಾಕೆಂದು
ನನಗೆ ಹೊಳೆಯಬೇಕಿತ್ತು.

"ಸ್ವಲ್ಪ ಗಟ್ಟಿಯಾಗಿ ಹೇಳಿ ಮೇಡಂ," ಅಂದೆಯಂತೆ,
"ನನ್ನ ಎಡಗಿವಿ ಕಾರ್ಖಾನೆಯಲ್ಲೇ ಉಳಿಯಿತು."
ಚುಕ್ಕಿ ಇಟ್ಟೆಯಾ? ಇಟ್ಟೆ, ಅಂದೆ.
ಆಕೆ ಗಂಟಲು ಸರಿಮಾಡಿಕೊಂಡಳಂತೆ,
ಭುಜ ಎತ್ತಿ ಉಸಿರೆಳೆದಳಂತೆ.
"ತಪ್ಪು ಉಸಿರು ಅನ್ನೋಣ ಅಂತ ಬಾಯಿಗೆ ಬಂತು,
ನುಂಗಿಕೊಂಡೆ."

ಶುಕ್ರವಾರ ಫೋನು ಬರಬಹುದು.
ಬರದೆಯೂ ಇರಬಹುದು.
ಬಂದರೆ, ಎದುವೀನಾ, ಬಲಗಿವಿಗೆ ಹಿಡಿ.