ಕಣ್ಣು ತಪ್ಪಿದ ಹನ್ನೊಂದು ಸೆಕೆಂಡು

ವಿಡಿಯೋ ಆರು ನಿಮಿಷ ನಲವತ್ತು ಸೆಕೆಂಡಿನದು:
ಸರೋವರ ಏಕೆ ಮೇಲಿನಿಂದ ಹೆಪ್ಪುಗಟ್ಟುತ್ತದೆ.
ನಾನದನ್ನು ನಾನೂರು ಸಲವಾದರೂ ನೋಡಿದ್ದೇನೆ
ಬೇರೆಯವರ ಕಣ್ಣಲ್ಲಿ.

ಪರದೆಯ ಕೆಳಗೊಂದು ಕರಿಪಟ್ಟಿ,
ಅದರೊಳಗೆ ಕಾಣದ ಬೆಳಕು.
ನೋಟ ಬಿದ್ದಲ್ಲೆಲ್ಲ ಒಂದು ಕೆಂಪು ಚುಕ್ಕಿ;
ನೋಟ ನಿಂತರೆ ಚುಕ್ಕಿ ಹರಡಿಕೊಳ್ಳುತ್ತದೆ
ಕಾಗದಕ್ಕೆ ಬಿದ್ದ ಎಣ್ಣೆಯ ಹಾಗೆ.
ತಾರ್ತುವಿನ ಈ ನೆಲಮಾಳಿಗೆಯಲ್ಲಿ ಇದು ನಾಲ್ಕನೆಯ ಚಳಿಗಾಲ.
ಚುಕ್ಕಿ ಎಣಿಸುತ್ತೇನೆ.
ರಾತ್ರಿ ಮನೆ ಸೇರಿದರೆ ಗಂಡ ಕೇಳುತ್ತಾನೆ:
ಇವತ್ತು ಯಾರ ಕಣ್ಣು, ಮಾರಿಕಾ?

ಒಳ್ಳೆಯ ಹುಡುಗರು, ಹೆಚ್ಚಿನವರು.
ನಿಲ್ಲಿಸುವುದಿಲ್ಲ, ಹಿಂದಕ್ಕೆ ಹೋಗುವುದಿಲ್ಲ,
ಕೆಲವರು ಒಂದೂವರೆ ಪಟ್ಟು ವೇಗದಲ್ಲಿ
ಜಾರುಬಂಡೆ ಜಾರಿದಂತೆ ಕೊನೆ ಮುಟ್ಟುತ್ತಾರೆ.
ಎಷ್ಟು ಅರ್ಥವಾಯಿತು? ಐದಕ್ಕೆ ಐದು.
ವಾರ ಬಿಟ್ಟು ಕರೆದು, ಖಾಲಿ ಹಾಳೆ ಕೊಟ್ಟು,
ಒಂದು ಸರೋವರ ಬರೆಯಿರಿ ಎಂದರೆ
ಪೆನ್ನು ಕಚ್ಚುತ್ತಾರೆ.
ಗೋರ್ಕಲ್ಲ ಮೇಲೆ ಸುರಿದ ಮಳೆ ಅನ್ನೋಣವೆಂದರೆ
ಕಲ್ಲಿಗಾದರೂ ತಾನು ನೆನೆದೆನೆಂಬ ಭ್ರಮೆಯಿಲ್ಲ.

ಮೂವತ್ತೊಂದನೆಯವಳು ಮಾತ್ರ ನೋಡಲಿಲ್ಲ.
ಎರಡು ನಿಮಿಷ ಐವತ್ತರಲ್ಲಿ,
ನಾಲ್ಕು ಡಿಗ್ರಿಯ ನೀರೇ ಎಲ್ಲಕ್ಕಿಂತ ಭಾರ
ಎಂಬ ಮಾತು ಬಂದದ್ದೇ ತಡ, ನಿಲ್ಲಿಸಿದಳು.
ಚುಕ್ಕಿ ಮೇಲೆ ಹೋಯಿತು, ಎಡಕ್ಕೆ,
ಪರದೆಯ ಅಂಚು ದಾಟಿ
ಆಮೇಲೆ ಇಲ್ಲ.
ಹನ್ನೊಂದು ಸೆಕೆಂಡು.
ಯಂತ್ರ ಬರೆದುಕೊಂಡಿತು: ನೋಟ ನಷ್ಟ.
ಪ್ರೊಫೆಸರ್ ಹಿಲ್ಲಾರ್ ಪೆನ್ಸಿಲಿನಲ್ಲಿ ಬರೆದರು:
ಗಮನವಿಲ್ಲ, ಕೈಬಿಡಿ.

ಬಿಡುವ ಮುನ್ನ ಅವಳ ಹಾಳೆ ತೆಗೆದೆ.
ಮೇಲೆ ದಪ್ಪ ಮಂಜುಗಡ್ಡೆ, ಅದಕ್ಕೊಂದು ಬಿರುಕು,
ಕೆಳಗೆ ಮುಳುಗುವ ಬಾಣಗಳು, ಅಂಕಿಗಳು ಒಂದೂ ತಪ್ಪಿಲ್ಲ.
ಮೂಲೆಯಲ್ಲಿ ಬೋರಲು ಬಕೆಟ್ಟಿನ ಮೇಲೆ ಕುಳಿತ ಒಬ್ಬ ಮುದುಕ,
ಅವನ ಕೈಯಿಂದ ಹಾಳೆಯ ತಳದವರೆಗೂ
ಇಳಿದುಹೋದ ಒಂದು ಗೆರೆ.
ಮುದುಕ ನಮ್ಮ ವಿಡಿಯೋದಲ್ಲಿ ಇರಲಿಲ್ಲ.

ಉಸ್ತಿನ್ಯಾ ಅವಳ ಹೆಸರು. ಪೈಪ್ಸಿ ದಂಡೆಯ
ಈರುಳ್ಳಿ ಬೆಳೆಯುವ ಹಳೆಯ ನಂಬಿಕೆಯವರ ಮಗಳು.
ಆ ಹನ್ನೊಂದು ಸೆಕೆಂಡು ಎಲ್ಲಿದ್ದೆ ಎಂದೆ.
'ಗೋಡೆ ಮೇಲೆ. ಬಣ್ಣ ಎದ್ದಿದೆಯಲ್ಲ, ಅಲ್ಲಿ.'
ಕೈಗವಸು ತಿರುಚುತ್ತ, ಸ್ವಲ್ಪ ಹೊತ್ತಿನ ಮೇಲೆ:
'ತಾತ ಮಂಜು ಕೊರೆದು ತೂತಿಗೆ ಕೈ ಅದ್ದುತ್ತಿದ್ದ.
ಗಾಳಿ ಕಿವಿ ಕತ್ತರಿಸುತ್ತಿರುವಾಗ
ನೀರು ಬೆಚ್ಚಗಿದೆ ಅನ್ನುತ್ತಿದ್ದ.
ನನ್ನನ್ನು ಆಡಿಸುತ್ತಿದ್ದಾನೆ ಅಂದುಕೊಂಡಿದ್ದೆ.
ಅಲ್ಲ ಅಂತ ತಿಳಿಯೋದಕ್ಕೆ
ಅಷ್ಟು ಹೊತ್ತು ಹಿಡಿಯಿತು.'

ಅಂದಿನಿಂದ ನೂರಿಪ್ಪತ್ತು ಜನರ ನಷ್ಟಗಳನ್ನು
ಕಸದ ಕಡತದಿಂದ ಎತ್ತಿ ಮತ್ತೆ ನೋಡಿದೆ.
ಕಣ್ಣು ತಪ್ಪಿದವರೆಲ್ಲ ಯೋಚಿಸಿದವರಲ್ಲ, ಬಿಡಿ:
ಒಬ್ಬ ಫೋನು ನೋಡಿದ್ದ, ಇನ್ನೊಬ್ಬ ಕುಳಿತಲ್ಲೇ ನಿದ್ದೆ.
ಆದರೆ ಮೊದಲು ನಿಲ್ಲಿಸಿ ಆಮೇಲೆ ಮುಖ ತಿರುಗಿಸಿದವರು
ಒಂಬತ್ತು ಜನ. ಒಂಬತ್ತು ಹಾಳೆಯಲ್ಲೂ ನೀರು ಸರಿಯಾಗಿ ಮುಳುಗಿತ್ತು.
ಒಂಬತ್ತು ಜನ ಅಧ್ಯಾಯವಾಗುವುದಿಲ್ಲ ಎಂದರು ಹಿಲ್ಲಾರ್,
ಅಡಿಟಿಪ್ಪಣಿ ಆಗಬಹುದು.
ಕಿಟಕಿಯಾಚೆ ಎಮಾಯಿಗಿ, ತಾಯಿಹೊಳೆ ಎಂದೇ ಅದರ ಅರ್ಥ,
ಬಿಳಿ ಮುಸುಕೆಳೆದು ಮಲಗಿತ್ತು.
ಕೋಷ್ಟಕಕ್ಕೆ ಹೊಸ ಅಂಕಣ ಸೇರಿಸಿದೆ.
ಹೆಸರು ಹೊಳೆಯದೆ ಹಾಗೇ ಬಿಟ್ಟಿದ್ದೇನೆ.

ಹೊರಡುವಾಗ ಬಾಗಿಲಲ್ಲಿ ನಿಂತು ಉಸ್ತಿನ್ಯಾ ಅಂದಳು:
'ನಿಮ್ಮ ವಿಡಿಯೋದಲ್ಲಿ ಒಂದು ತಪ್ಪಿದೆ.
ಆ ಮೀನು, ಗದ್ದದಲ್ಲಿ ಒಂಟಿ ಮೀಸೆಯದು.
ಫೆಬ್ರವರಿಯಲ್ಲಿ ಅದು ತಳದಲ್ಲಿ ಮಲಗಿರೋದಿಲ್ಲ.
ಮೊಟ್ಟೆ ಇಡೋ ಕಾಲ. ಇಡೀ ರಾತ್ರಿ ಓಡಾಡುತ್ತಿರುತ್ತೆ.'

ಹಿಂದಕ್ಕೆ ಹೋಗಿ ನೋಡಿದೆ.
ನಾನೂರ ಒಂದನೆಯ ಸಲ.
ಮೀನು ನಿಜಕ್ಕೂ ಮಲಗಿತ್ತು,
ನಗುತ್ತ.