ತೊಡಕು

ವಿದ್ಯಾನಗರದ ಆಸ್ಪತ್ರೆ, ಮೇಲಿನ ಹಾಲು.
ಹನ್ನೊಂದು ಸರ್ಜನ್ನರು, ಎರಡನೇ ಸುತ್ತಿನ ಮತ.
ಬರೆದುಕೊಳ್ಳುವವಳು ನಾನು.

ಕರುಳು ಕೊಯ್ದು ಹೊಲಿದ ಮೇಲೆ
ಎಷ್ಟು ದಿನ ಸುಮ್ಮನಿದ್ದರೆ ತೊಡಕು?
ಮೂರು, ಅಂದರು ಕಿತ್ತೂರಮಠ ಸರ್.
ಐದು, ಅಂದಿತು ಮೂಲೆಯ ಕನ್ನಡಕ.
ಸೋರಿದರೆ? ಎಷ್ಟು ಸೋರಿದರೆ?
ಸ್ಕ್ಯಾನಿನಲ್ಲಿ ಕಂಡರೆ ಸಾಕೋ, ಜ್ವರವೂ ಬರಬೇಕೋ?
ಗಿರಮಿಟ್ ಬಂತು. ಉಳ್ಳಾಗಡ್ಡಿ ಬದಿಗೆ ಸರಿಸುತ್ತ
ಒಬ್ಬರು ‘ಸಾಧಾರಣ’ ಎಂಬ ಪದ ಹೊಡೆಸಿಹಾಕಿದರು.

ಕೆಳಗೆ ಏಳನೇ ಮಂಚದಲ್ಲಿ
ಬೆಟಗೇರಿಯ ನೇಕಾರ ತುಳಜಣಸಾ.
ಹೆಂಡತಿ ತಾಸಿಗೊಮ್ಮೆ ಬಾಗಿ ಕೇಳುತ್ತಾಳೆ:
‘ಗಾಳಿ ಹೋತೇನ್ರಿ?’
ಇಡೀ ವಾರ್ಡು ಕಿವಿಯಾಗುತ್ತದೆ.

ಪಟ್ಟಿ ಬದಲಿಸುತ್ತ ಅವನನ್ನೇ ಕೇಳಿದ್ದೆ ಬೆಳಿಗ್ಗೆ.
‘ಎಳಿ ಹರಿದ್ರ ತೊಡಕಲ್ರಿ ಬಾಯಾರ,
ಗಂಟ್ ಹಾಕಿ ನಡಸ್ತೀವಿ.
ಮಗ್ಗ ನಿಂತು, ಯಾಕ ನಿಂತೈತಿ ತಿಳೀದ
ಕುಂತಿರ್ತೀವಲ್ಲ, ಅದು.’

ಸಂಜೆಗೆ ಒಮ್ಮತ: ನಾಲ್ಕು ದಿನ.
ಒಂಬತ್ತು ಕೈ ಮೇಲೆ,
ಒಂದು ಕೈ ಮೊಬೈಲಿನಲ್ಲಿ, ಒಂದು ಕಿಸೆಯಲ್ಲಿ.

ನಾಲ್ಕು ದಿನ ತುಂಬಿ
ಎರಡು ತಾಸಿಗೆ ತುಳಜಣಸಾನ ಗಾಳಿ ಹೋಯಿತು.
ಪಕ್ಕದ ಮಂಚದವ ಚಪ್ಪಾಳೆ ತಟ್ಟಿದ.
ಹೆಂಡತಿ ನನ್ನ ಬಾಯಿಗೂ ಸಕ್ಕರೆ ಹಾಕಿದಳು.

ಹೊಸ ಫಾರ್ಮಿನಲ್ಲಿ ಎರಡೇ ಚೌಕ, ಹೌದು, ಇಲ್ಲ.
ಸಕ್ಕರೆ ಕರಗುವವರೆಗೆ
ಪೆನ್ನು ಹಿಡಿದು ನಿಂತೆ.